ಕೂಳೆ ಗದ್ದೆಯಲ್ಲಿ ಹಾಕಿ ಆಟ, ಬದುವಿನ ಮೇಲೆ ಚರಿತ್ರೆ

ಸುಂಟಿಕೊಪ್ಪದ ಕೆಳಗೆ, ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದ ಗದ್ದೆಯಲ್ಲಿ ಮಂಜು ಇನ್ನೂ ಕರಗಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಹೆಣ್ಣುಮಕ್ಕಳ ಶಾಲೆಯ ಟೀಚರು ನೀಲಾವತಿ ಹಾಕಿ ಕೋಲು ಹಿಡಿದು ನಿಂತಿದ್ದಾರೆ. ಎದುರಿಗೆ ಏದುಸಿರು ಬಿಡುತ್ತಿರುವ ಕಮಲ, ಮಂಗಳೂರಿನ ಕಾಲೇಜಿನಿಂದ ಕ್ರಿಸ್ಮಸ್ ರಜೆಗೆ ಬಂದವಳು. ಬದುವಿನ ಮೇಲೆ ಕಂಬಳಿ ಹೊದ್ದು, ಚರಿತ್ರೆಯ ಪುಸ್ತಕ ಬಿಡಿಸಿಕೊಂಡು ಕೂತವರು ಅವಳಪ್ಪ, ನೀಲಾವತಿಯ ನೆರೆಮನೆಯ ಪೂವಯ್ಯ.

"ಎರಡನೆ ಪಾಣಿಪತ್ತು, ಯಾರ್ಯಾರಿಗೆ?"

"ಅಕ್ಬರನಿಗೂ ಹೇಮುವಿಗೂ!"

"ಸರಿ. ಚೆಂಡು ಕೊಡು ತಂಗಿ," ಪೂವಯ್ಯ ನೀಲಾವತಿಗೆ ಹೇಳುತ್ತಾರೆ.

ಉತ್ತರ ಸರಿಯಾದರೆ ಮಾತ್ರ ಚೆಂಡು. ಇದು ನೀಲಾವತಿ ಮಾಡಿದ ನಿಯಮ. ಸೆಪ್ಟೆಂಬರ್ ಪರೀಕ್ಷೆಯಲ್ಲಿ ಕಮಲ ಚರಿತ್ರೆಯಲ್ಲಿ ಫೇಲಾದಾಗ ಪೂವಯ್ಯ ಕೋಲನ್ನು ಒಲೆಗಿಡಲು ಹೊರಟಿದ್ದರು. ರಜೆ ಮುಗಿಯುವುದರೊಳಗೆ ಪಾಠ ಬಂದರೆ ಆಟ, ಇಲ್ಲದಿದ್ದರೆ ಇಲ್ಲ ಎಂದು ಒಪ್ಪಿಸಿದವರು ನೀಲಾವತಿ. ಇವತ್ತು ರಜೆಯ ಕೊನೆಯ ಬೆಳಗು.

ಅದೇ ಕಾಲೇಜಿನಲ್ಲಿ ನೀಲಾವತಿ ಓದಿದ್ದು, ಆಡಿದ್ದು. ಕಾಫಿ ಒಣಗಿಸುವ ನುಣುಪಾದ ಕಣದಲ್ಲಿ ಆಟ ಕಲಿತು ಹೋದವರು. ಮೊದಲ ಪಂದ್ಯದಲ್ಲಿ ಚೆಂಡು ಹುಲ್ಲಿನಲ್ಲಿ ಸಿಕ್ಕಿಕೊಂಡಿತು, ಇವರು ಮಾತ್ರ ಅದನ್ನು ದಾಟಿ ಓಡಿದರು. "ಇಡೀ ಮೈದಾನ ನಕ್ಕಿತು. ಅದಕ್ಕೇ ಇವಳಿಗೆ ಕಣ ಬೇಡ, ಕೂಳೆ ಗದ್ದೆ ಅಂದೆ," ಎನ್ನುತ್ತಾರೆ ಕಮಲಳತ್ತ ಕೈತೋರಿಸಿ. ಓದು, ಆಟ, ಎರಡರಲ್ಲೊಂದು ಆರಿಸಿಕೋ ಎಂದಿದ್ದರಂತೆ ಹಾಸ್ಟೆಲಿನ ವಾರ್ಡನ್. ಇವರು ಆರಿಸಲಿಲ್ಲ. ಬೆಳಗ್ಗೆ ಮೈದಾನ ಸುತ್ತುತ್ತಲೇ ಪಾಠ ಬಾಯಿಪಾಠ ಮಾಡಿ ಬಿ.ಎ. ಮುಗಿಸಿದರು.

ಈಗ ಪ್ರತಿ ಜನವರಿ ಘಟ್ಟ ಇಳಿದು ಆ ಕಾಲೇಜಿಗೆ ಹೋಗುತ್ತಾರೆ. ಹಳೆ ವಿದ್ಯಾರ್ಥಿನಿಯರಿಗೂ ಹೊಸಬರಿಗೂ ಪಂದ್ಯ. ವರ್ಷವಿಡೀ ಟೀಚರು, ಸೊಸೆ, ಅತ್ತಿಗೆ ಆಗಿರುವ ಹೆಂಗಸು ಆ ಒಂದು ಸಂಜೆ ಬರೀ ನೀಲಾವತಿ. ಈ ಸಲ ಎದುರಾಳಿ ಕಮಲ.

ಬಿಳಿ ದೊರೆಯ ಎಸ್ಟೇಟಿಗೆ ಕಾಫಿ ಕೊಯ್ಯಲು ಹೊರಟ ಲಿಂಗಿ ಬದುವಿನ ಮೇಲೆ ನಿಲ್ಲುತ್ತಾಳೆ. "ಟೀಚರಮ್ಮೋ, ನೀವೇ ಕಲಿಸಿ ಈ ಮಗೀನ ಕೈಲೇ ಸೋಲ್ತೀರಂತೆ!"

"ಸೋಲ್ತೀನಿ ಅಂತ ಯಾರೇ ಹೇಳಿದ್ದು?"

ಪೂವಯ್ಯ ಹಾಳೆ ತಿರುವುತ್ತಾರೆ. "ಕೊನೇದು. ಮೂರನೆ ಪಾಣಿಪತ್ತು. ಗೆದ್ದವ ಯಾರು?"

ಕಮಲ ಕೋಲಿನ ತುದಿಯಿಂದ ಕೂಳೆ ಕೆದಕುತ್ತಾ "ಗೆದ್ದವ... ಗೆದ್ದವ..." ಎನ್ನುತ್ತಾಳೆ. ಪೂವಯ್ಯ ಪುಸ್ತಕ ಮುಚ್ಚುತ್ತಾರೆ.

"ಅವಳನ್ನ ನಿಲ್ಲಿಸಿ ಕೇಳ್ಬೇಡಿ ಅಣ್ಣ," ನೀಲಾವತಿ ಕೂಗುತ್ತಾರೆ. "ಓಡ್ತಾ ಕಲಿತ ಪಾಠ, ಓಡ್ಲಿ. ಕಮಲ, ಓಡು!"

ಕಮಲ ಕೂಳೆ ತುಳಿಯುತ್ತಾ ಗದ್ದೆಯ ಆಚೆ ತುದಿಗೆ ಓಡುತ್ತಾಳೆ, ಮಂಜಿನಲ್ಲಿ ಮರೆಯಾಗುತ್ತಾಳೆ. ಮರುಕ್ಷಣ ಅಲ್ಲಿಂದಲೇ ಕೂಗು: "ಅಬ್ದಾಲಿ! ನೀಲಕ್ಕಾ, ಅಹಮದ್ ಷಾ ಅಬ್ದಾಲಿ!"

ಲಿಂಗಿ ಚಪ್ಪಾಳೆ ತಟ್ಟುತ್ತಾಳೆ, ಯಾರೆಂದು ಗೊತ್ತಿಲ್ಲದಿದ್ದರೂ.

"ಪರೀಕ್ಷೆಯಲ್ಲಿ ಓಡ್ಲಿಕ್ಕೆ ಬಿಡ್ತಾರಾ?" ಪೂವಯ್ಯ ಕೇಳುತ್ತಾರೆ.

"ಮನಸ್ಸಿನಲ್ಲೇ ಓಡ್ತಾಳೆ. ನಾನು ಓಡ್ಲಿಲ್ವಾ?"

ಪೂವಯ್ಯ ಎದ್ದು ಕಂಬಳಿ ಕೊಡವುತ್ತಾರೆ. "ಬಸ್ಸಿಗೆ ನಂಗೂ ಒಂದು ಸೀಟು ಹೇಳು ತಂಗಿ. ಪಂದ್ಯ ನೋಡ್ಬೇಕು."

ಚೆಂಡು ಉರುಳುತ್ತದೆ. ಈ ಪಂದ್ಯದಲ್ಲಿ ನಿಮ್ಮ ಆಸೆಯೇನು ಎಂದು ಯಾರಾದರೂ ಕೇಳಿದರೆ ನೀಲಾವತಿ ಕಣ್ಣನ್ನು ಚೆಂಡಿನಿಂದ ತೆಗೆಯದೆ ಹೇಳುತ್ತಾರೆ: "ಇವಳು ನನ್ನನ್ನ ದಾಟಿ ಒಂದು ಗೋಲು ಹೊಡೀಬೇಕು. ನಾನಂತೂ ಬಿಟ್ಟುಕೊಡೋದಿಲ್ಲ."