ನಾರಾಯಣಮ್ಮಜ್ಜಿಯ ಮೊಳ

ಇದು ನಡೆದದ್ದು 2004ರಲ್ಲೋ 2005ರಲ್ಲೋ, ಖಚಿತವಾಗಿ ಹೇಳಲಾರೆ. ನನ್ನ ದಿನಚರಿಯಲ್ಲಿ ತಿಂಗಳಿದೆ, ವರ್ಷವಿಲ್ಲ. ಕೆಲವು ವಿವರಗಳನ್ನು ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಲೂಬಹುದು. ಆಗ ನಾನು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಎರಡನೇ ತರಗತಿಯ ಶಿಕ್ಷಕಿ. ಇಪ್ಪತ್ತಮೂರು ಮಕ್ಕಳಿದ್ದರು.

ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬ ತರಬೇತಿ ಮುಗಿಸಿ ಹುಮ್ಮಸ್ಸಿನಿಂದ ಬಂದಿದ್ದೆ. ಗಣಿತದಲ್ಲಿ ‘ಅಪ್ರಮಾಣಿತ ಅಳತೆ’ಯ ಪಾಠ. ಅಂದರೆ ಸ್ಕೇಲು ಕೊಡುವ ಮುನ್ನ ಗೇಣು, ಮೊಳ, ಹೆಜ್ಜೆಗಳಲ್ಲಿ ಅಳೆಸುವುದು. ಮನೆಯ ಹಿರಿಯರೊಬ್ಬರ ಮೊಳದಷ್ಟು, ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಕಾಗದದ ಪಟ್ಟಿ ಕತ್ತರಿಸಿ ತರಲು ಹೇಳಿದೆ. ಮರುದಿನ ಅವನ್ನೆಲ್ಲ ಉದ್ದದ ಕ್ರಮದಲ್ಲಿ ಗೋಡೆಗೆ ಸಿಕ್ಕಿಸಿದೆವು. ಎಲ್ಲಕ್ಕಿಂತ ಗಿಡ್ಡದ್ದು ಮಂಜುಳಾಳದು. ಅವಳ ಅಜ್ಜಿ ನಾರಾಯಣಮ್ಮ ಮುರುಗಮಲ್ಲದಲ್ಲಿ, ದರ್ಗಾಕ್ಕೆ ಬರುವವರಿಗೂ ಬಸ್ಸಿಗೆ ಕಾಯುವವರಿಗೂ ಮೊಳದ ಲೆಕ್ಕದಲ್ಲಿ ಹೂ ಮಾರುತ್ತಿದ್ದರು.

“ಲೇ ಮಂಜುಳಾ, ನಿಮ್ಮಜ್ಜಿ ಮೊಳ ಮೋಸ ಕಣೇ!” ಎಂದಳು ರೇಷ್ಮಾ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಎರಡು ದಿನ ಮಂಜುಳಾ ಬರಲಿಲ್ಲ. ಮೂರನೆಯ ದಿನ ಅಜ್ಜಿಯೇ ಅವಳನ್ನು ಹಿಡಿದುಕೊಂಡು, ಕಂಕುಳಲ್ಲಿ ಹೂಬುಟ್ಟಿಯೊಂದಿಗೆ ಬಂದರು. ಶಿಡ್ಲಘಟ್ಟದಿಂದ ಬಂದಿದ್ದ ನನ್ನ ತಂಗಿ ಶಾರದಾ ಅಂದು ತರಗತಿಯ ಹಿಂದುಗಡೆ ಕೂತಿದ್ದಳು.

“ಏನಮ್ಮ ಟೀಚರಮ್ಮ, ನನ್ನ ಮೊಳ ಕಮ್ಮಿ ಅಂತ ಪಾಠ ಮಾಡಿದ್ರಂತೆ? ಬಸ್ ಸ್ಟ್ಯಾಂಡಲ್ಲಿ ಹೆಂಗಸ್ರು ‘ಎಲ್ಲಿ, ಕೈ ತೋರ್ಸಮ್ಮ’ ಅಂತ ನಗ್ತಾವ್ರೆ. ಇವ್ಳಿನ್ನು ಸ್ಕೂಲಿಗೆ ಬರಲ್ಲ. ನನ್ ಜೊತೇಲಿ ಹೂ ಕಟ್ಕೊಂಡಿರ್ತಾಳೆ. ರಾವೇ, ಬಾರೇ, ಸ್ಲೇಟ್ ತಗೋ, ಹೋಗಣ.”

ಮಂಜುಳಾ ಸ್ಲೇಟು ಎತ್ತಿಕೊಂಡಳು. ಆದರೆ ಗೋಡೆಯ ಪಕ್ಕದಿಂದ ಕದಲಲಿಲ್ಲ.

“ತಪ್ಪು ನಂದಮ್ಮ, ನಾನು ನಗಬಾರದಿತ್ತು. ಹೋಗೋ ಮುಂಚೆ ಒಂದೇ ಒಂದ್ಸಲ, ನೀವು ಮಾರೋ ಹಾಗೇ ಒಂದು ಮೊಳ ಅಳೆದು ಕೊಡಿ” ಎಂದೆ.

“ಇನ್ನೂ ನಗೋದು ಬಾಕಿ ಇದ್ಯಾ?” ಎಂದರೂ ಅಜ್ಜಿಯ ಕೈ ಬುಟ್ಟಿಗೆ ಹೋಯಿತು. ಕನಕಾಂಬರದ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದರು. ಅಲ್ಲಿಗೆ ನಿಲ್ಲಿಸದೆ, ನೋಡದೆಯೇ ಇನ್ನಷ್ಟು ಜಾರಲು ಬಿಟ್ಟು ದಾರ ಹರಿದರು.

“ಅಜ್ಜೀ, ಕೊಸರು! ಕೊಸರು ಅಳ್ದೇ ಇಲ್ಲ ನಾವು!” ಮಂಜುಳಾ ಕೂಗಿದಳು.

ತನ್ನ ಪಟ್ಟಿಯನ್ನು ಗೋಡೆಯಿಂದ ಕಿತ್ತು ನೆಲದ ಮೇಲಿಟ್ಟು, ಪಕ್ಕದಲ್ಲಿ ಹೂ ಹಾಸಿದಳು. ಪಟ್ಟಿ ಮುಗಿದ ಮೇಲೂ ಹೂ ನಾಲ್ಕು ಬೆರಳು ಮುಂದಕ್ಕಿತ್ತು. ಆಮೇಲೆ ಯಾರೂ ಹೇಳದಿದ್ದರೂ ಗೋಡೆಯ ಅತಿ ಉದ್ದದ ಪಟ್ಟಿಯನ್ನು ತಂದಳು. ಅದು ರೇಷ್ಮಾಳ ಅಪ್ಪನದು. ಹೂ ಅದನ್ನೂ ಒಂದು ಬೆರಳು ದಾಟಿತು! ನಂಬದ ರೇಷ್ಮಾ ತಾನೇ ಮತ್ತೊಮ್ಮೆ ಇಟ್ಟು ನೋಡಿದಳು. ಅವಳಿಗೂ ಒಂದು ಬೆರಳೇ ಸಿಕ್ಕಿತು. ತರಗತಿಯ ಕೇಕೆಗೆ ಪಕ್ಕದ ಕೋಣೆಯವರೆಲ್ಲ ಬಾಗಿಲಿಗೆ ಬಂದರು.

“ನನ್ ಕೈ ಗಿಡ್ಡ ಅಂತ ನನಗ್ಗೊತ್ತಿಲ್ವೇನಮ್ಮ? ಅದಕ್ಕೇ ಅಲ್ವಾ ಅಷ್ಟು ಕೊಸರು ಬಿಡೋದು! ಓದ್ದೋರು ನೀವು, ಕೈ ಅಳೆದ್ರಿ. ಹೂವ ಅಳೀಲಿಲ್ಲ” ಎಂದರು ನಾರಾಯಣಮ್ಮ. ಆ ಹೂವನ್ನು ಮೊಮ್ಮಗಳ ಜಡೆಗೆ ಮುಡಿಸಿ, “ಕೂತ್ಕೋ” ಎಂದು ಬುಟ್ಟಿ ಎತ್ತಿಕೊಂಡು ಹೊರಟರು.

ಸಂಜೆಯೊಳಗೆ ಇಪ್ಪತ್ತಮೂರು ಬಾಯಿಗಳು ಊರಿಗೆಲ್ಲ ಸುದ್ದಿ ಮುಟ್ಟಿಸಿದವು. ಮಕ್ಕಳೇ ಮಂಜುಳಾಳ ಪಟ್ಟಿಗೆ ನಾಲ್ಕು ಬೆರಳು ಕೇಸರಿ ಕಾಗದ ಅಂಟಿಸಿ, ಸಾಲಿನಲ್ಲಿ ಮೊದಲನೆಯದಾಗಿ ಸಿಕ್ಕಿಸಿದರು. ಆ ವರ್ಷ ಅವಳು ಮತ್ತೆ ಶಾಲೆ ತಪ್ಪಿಸಲಿಲ್ಲ.

ಮಕ್ಕಳ ಕೈಗೆ ವಸ್ತು ಕೊಟ್ಟ ಮೇಲೆ ಟೀಚರು ಬಾಯಿ ಮುಚ್ಚಿಕೊಂಡಿರಬೇಕು, ಉತ್ತರ ಅವರ ಕೈಯಿಂದಲೇ ಬರುತ್ತದೆ ಎಂದು ಆಮೇಲೆ ಎಷ್ಟೋ ಹೊಸ ಶಿಕ್ಷಕರಿಗೆ ಈ ಘಟನೆ ಹೇಳಿದ್ದೇನೆ. ಮೊನ್ನೆ ಹಳೆಯ ದಿನಚರಿ ತೆಗೆದರೆ, ನನ್ನದೇ ಅಕ್ಷರದಲ್ಲಿ ಹೀಗಿದೆ: “ಕೊಸರನ್ನೂ ಅಳೆಯೋಣ ಎಂದೆ.” ಎಂದೆ! ಎಂದಳು ಎಂದಲ್ಲ. ಅವಸರದಲ್ಲಿ ಬರೆದೆನೋ, ಅಂದೇ ಗೆಲುವನ್ನು ನನ್ನ ಹೆಸರಿಗೆ ಹಾಕಿಕೊಂಡೆನೋ, ಅಥವಾ ನೆನಪೇ ಮಂಜುಳಾಳ ಬಾಯಿಗೆ ಆ ಮಾತು ಕೊಟ್ಟಿತೋ. ಶಾರದಾಗೆ ಫೋನ್ ಮಾಡಿ ಕೇಳಿದೆ. ಯೋಚ್ನೆ ಮಾಡಿ ಹೇಳ್ತೀನಿ ಎಂದವಳು ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಆ ಮಾತು ಮೊದಲು ಯಾರ ಬಾಯಿಂದ ಬಂತು ಕಣೇ, ಮಗೂದೋ, ನಂದೋ?”