ಜಗಲಿಯ ಒಡೆತನ

ಎನ್.ಆರ್. ಕಾಲೋನಿಯ ನಮ್ಮ ಮನೆಗೆ ರಸ್ತೆಗೆ ತಾಗಿಕೊಂಡಂತೆ ಒಂದು ಕೆಂಪು ಗಾರೆಯ ಜಗಲಿಯಿತ್ತು. ಅದು ಹೋಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಸಂಜೆ ಮನೆಗೆ ಬಂದಾಗ ಮೊದಲು ಅಲ್ಲಿ ಕೂರಬೇಕೆನಿಸುತ್ತದೆ, ಕೂರಲು ಏನೂ ಇಲ್ಲವೆಂದು ಸಿಟ್ಟೂ ಬರುತ್ತದೆ.

ಮೇಷ್ಟ್ರಾಗಿದ್ದ ಅಪ್ಪನಿಗೂ ಬಟ್ಟೆ ಅಂಗಡಿಯಿಟ್ಟಿದ್ದ ಎದುರುಮನೆ ಮಾವನಿಗೂ ವಾದ ನಡೆಯುತ್ತಿದ್ದುದು ಅಲ್ಲೇ. ನೆಲವನ್ನು ಯಾರೂ ಹುಟ್ಟಿಸಿದ್ದಲ್ಲ, ಊರಿಗೆ ಬೇಕಾದಾಗ ಬಿಟ್ಟುಕೊಡಬೇಕು ಎಂಬುದು ಅಪ್ಪನ ಮತ. ಬೆವರು ಸುರಿಸಿ ಕೊಂಡದ್ದನ್ನು ಮುಟ್ಟಲು ಸರ್ಕಾರಕ್ಕೇನು ಹಕ್ಕು ಎಂಬುದು ಮಾವನದು. ಇಬ್ಬರೂ ಸೋಲುತ್ತಿರಲಿಲ್ಲ, ಕಾಫಿ ಮಾತ್ರ ಖಾಲಿಯಾಗುತ್ತಿತ್ತು. ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಮತವನ್ನು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ದಿನಾ ಬೆಳಿಗ್ಗೆ ಆ ಜಗಲಿ ತೊಳೆದು ರಂಗೋಲಿ ಇಡುತ್ತಿದ್ದವಳು, ಹಬ್ಬಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದವಳು ಅವಳು.

ಒಂದು ದಿನ ರಸ್ತೆ ಅಗಲ ಮಾಡುವವರು ಬಂದು, ನಮ್ಮ ಸಾಲಿನ ಮನೆಗಳ ಮುಂದೆಲ್ಲ ಬಣ್ಣದ ಗೆರೆ ಎಳೆದು ಹೋದರು. ಜಗಲಿ ಪೂರ್ತಿ ಗೆರೆಯ ಆಚೆ ಉಳಿಯಿತು.

"ತಕರಾರು ಹಾಕಿ ಮೇಷ್ಟ್ರೇ. ಇವತ್ತು ಜಗಲಿ ಅಂತಾರೆ, ನಾಳೆ ನಡುಮನೆಗೇ ಬರ್ತಾರೆ" ಎಂದರು ಮಾವ.

"ಇಷ್ಟು ವರ್ಷ ಊರಿಗೆಲ್ಲ ಹೇಳಿ, ಈಗ ನಮ್ಮನೆ ಬಾಗಿಲಿಗೇ ಬಂದಾಗ ಬೇಡ ಅನ್ನೋಕಾಗತ್ತಾ?" ಎಂದು ಅಪ್ಪ ಒಪ್ಪಿಗೆಯ ರುಜು ಹಾಕಿಬಿಟ್ಟರು. ನನಗೆ ಹೆಮ್ಮೆಯಾಯಿತು.

ಒಳಗೆ ಅಮ್ಮ ಕೇಳಿದ್ದು ಇಷ್ಟೇ. "ಸರ್ಕಾರದವ್ರು ನಿಮ್ಮನ್ನಾದ್ರೂ ಒಂದು ಮಾತು ಕೇಳಿದ್ರು. ನೀವು ನನ್ನ ಕೇಳಿದ್ರಾ?"



ಜಗಲಿ ಒಡೆದರು, ಡಾಂಬರು ಹಾಕಿದರು. ಮಾರನೆಯ ಬೆಳಿಗ್ಗೆ ಅಮ್ಮ ಬಕೆಟ್ಟು ಹಿಡಿದು ಹೊಸ ಗೇಟು ದಾಟಿ ಹೋದಳು. ಜಗಲಿ ಇದ್ದ ಜಾಗವನ್ನೇ ತೊಳೆದು, ರಸ್ತೆಯ ಮೇಲೆ ಕೂತು ರಂಗೋಲಿ ಶುರುಮಾಡಿದಳು.

"ಅಮ್ಮಾ, ಅದೀಗ ರಸ್ತೆ" ಎಂದೆ.

"ನಂಗೂ ಕಣ್ಣು ಕಾಣ್ಸತ್ತೆ" ಎಂದಳು.

ಅಷ್ಟರಲ್ಲಿ ಸ್ಕೂಟರೊಂದು ಅವಳತ್ತಲೇ ಬಂತು. ಪೇಪರು ಓದುತ್ತಿದ್ದ ಅಪ್ಪ ಎದ್ದು ಓಡಿಹೋಗಿ, ರಸ್ತೆಗಿಳಿದು ಕೈ ಅಡ್ಡ ಹಿಡಿದರು.

"ಸ್ವಲ್ಪ ಆ ಕಡೆಯಿಂದ ಹೋಗಪ್ಪ. ಇದು ನಮ್ಮನೆಯವರ ಜಾಗ."

ಎದುರುಮನೆ ಬಾಗಿಲಲ್ಲಿ ನಿಂತಿದ್ದ ಮಾವನಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ಆಮೇಲೆಯೂ ಎಷ್ಟೋ ಸಂಜೆ ಇಬ್ಬರೂ ವಾದ ಮಾಡಿದರು. ಆ ಮಾತನ್ನು ಮಾತ್ರ ಮಾವ ಯಾವತ್ತೂ ಎತ್ತಲಿಲ್ಲ.