ತೇಲಿ ಬಂದವಳು

ಅಪ್ಪನಿಗೆ ಲಕ್ಷದ್ವೀಪದಲ್ಲಿ ಕೆಲಸ ಸಿಕ್ಕಿತೆಂದು ನಾವು ಮೂವರೂ ಹತ್ತಿದ್ದ ಹಡಗು ಒಡೆದು ಮುಳುಗಿದಾಗ ನಾನು ಆರು ತಿಂಗಳ ಕೂಸು. ಮೀನುಗಾರರಿಗೆ ಸಿಕ್ಕಿದ್ದು ನಾನೊಬ್ಬಳೇ. ಗೋಣಿಬೀಡಿನ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ ದೊಡ್ಡಮ್ಮ, ಅಮ್ಮನ ಅಕ್ಕ, ನನ್ನನ್ನು ಸಾಕಿದಳು. ಕೂಲಿ ಲೈನಿನ ಮನೆಗಳವರೆಲ್ಲ ನನ್ನನ್ನು ‘ತೇಲಿ ಬಂದವಳು’ ಎನ್ನುತ್ತಿದ್ದರು. ನನಗದು ಹೆಮ್ಮೆಯೇ ಆಗಿತ್ತು.

ತೊಂಬತ್ತರ ದಶಕದ ಒಂದು ಕೊಯ್ಲಿನಲ್ಲಿ, ಮೂರನೇ ಕ್ಲಾಸಿನಲ್ಲಿದ್ದ ನಾನು ದೊಡ್ಡಮ್ಮನ ಹಿಂದೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಹೋದೆ. ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದಿದ್ದರು. ಹೆಚ್ಚಿನವು ಮುಳುಗಿದವು, ಕೆಲವು ಮೇಲೇ ಉಳಿದವು. ಮೇಸ್ತ್ರಿ ದೊಡ್ಡಮ್ಮನ ಕೈಗೆ ಜರಡಿ ಕೊಟ್ಟು, “ಒಳ್ಳೇದು ಮುಳುಗ್ತದೆ. ತೇಲಿದ್ದೆಲ್ಲ ಜೊಳ್ಳು ಮಾರಾಯ್ತಿ, ತೆಗ್ದು ಆಚೆ ಹಾಕು” ಎಂದರು.

ಅಪ್ಪ ಅಮ್ಮ ಮುಳುಗಿದ್ದರು, ನಾನು ತೇಲಿದ್ದೆ. ಅಂದಿನಿಂದ ಮೇಸ್ತ್ರಿ ಕಂಡರೆ ಕಾಫಿ ಗಿಡದ ಹಿಂದೆ ಅಡಗುತ್ತಿದ್ದೆ. ವಾರ ಕಳೆದ ಮೇಲೆ ದೊಡ್ಡಮ್ಮ ಕಿವಿ ಹಿಂಡಿ ಕೇಳಿದಾಗ ಅಳುತ್ತಾ ಬಾಯಿಬಿಟ್ಟೆ.

ಅವಳು ಕಿವಿಯಿಂದ ಕೈ ತೆಗೆದು ನನ್ನನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ, “ನೀನೆಲ್ಲಿ ತೇಲಿದ್ದೆ ಮಗಾ? ನಿಮ್ಮಮ್ಮ ತೇಲ್ಸಿದ್ದು. ನೀರೊಳಗಿಂದ ಎರಡೂ ಕೈಲಿ ನಿನ್ನ ಎತ್ತಿ ಹಿಡ್ಕೊಂಡಿದ್ಲಂತೆ. ದೋಣಿಯವ್ರು ನಿನ್ನ ತಗೊಂಡ ಮೇಲೇ ಆ ಕೈ ಕೆಳಗೆ ಹೋಗಿದ್ದು” ಎಂದಳು.

ಜೊಳ್ಳಿನ ಭಯ ಅಂದೇ ಬಿಟ್ಟಿತು. ಆದರೆ ತುಂಬಿದ ತೊಟ್ಟಿಗೆ ಬಗ್ಗಿ ನೋಡಲು ಇಂದಿಗೂ ನನಗೆ ಧೈರ್ಯವಿಲ್ಲ. ಆ ಎರಡು ಕೈ ನೀರಿನಡಿ ಇನ್ನೂ ಮೇಲಕ್ಕೆ ಚಾಚಿಕೊಂಡೇ ಇದ್ದರೆ?